ಟೆಕ್ಸಾಸ್–ಒಹಾಯೊ ಸ್ಟೇಟ್, 2025ರ ಆಗಸ್ಟ್ 30: ಋತುವಿನ ಮೊದಲ ಶನಿವಾರವೇ ಇಷ್ಟು ದೊಡ್ಡ ಪಂದ್ಯ

ಒಲೆಂಟಂಜಿ ದಂಡೆ:

ಬರುವ ಶನಿವಾರ ಕೊಲಂಬಸ್‌ನ ಒಹಾಯೊ ಸ್ಟೇಡಿಯಂನಲ್ಲಿ ಅಮೆರಿಕನ್ ಕಾಲೇಜು ಫುಟ್‌ಬಾಲ್‌ನ ಟೆಕ್ಸಾಸ್ ಲಾಂಗ್‌ಹಾರ್ನ್ಸ್ ಮತ್ತು ಒಹಾಯೊ ಸ್ಟೇಟ್ ಬಕೈಸ್ ತಂಡಗಳು ಎದುರುಬದುರಾಗುತ್ತಿವೆ. ಅಸೋಸಿಯೇಟೆಡ್ ಪ್ರೆಸ್‌ನ ಋತುಪೂರ್ವ ಶ್ರೇಯಾಂಕ ಪಟ್ಟಿಯಲ್ಲಿ ಟೆಕ್ಸಾಸ್ ಮೊದಲ ಸ್ಥಾನದಲ್ಲಿದೆ. ಋತು ಆರಂಭವಾಗುವ ಮೊದಲೇ ಆ ಪಟ್ಟಿಯ ತುದಿಗೇರಿದ್ದು ಅದರ ಇತಿಹಾಸದಲ್ಲಿ ಇದೇ ಪ್ರಥಮ. ಒಹಾಯೊ ಸ್ಟೇಟ್ ಮೂರನೆಯ ಸ್ಥಾನದಲ್ಲಿದ್ದರೂ ಹಾಲಿ ರಾಷ್ಟ್ರೀಯ ಚಾಂಪಿಯನ್ ಅದೇ. ಆಟ ಆರಂಭವಾಗುವುದು ಅಲ್ಲಿನ ಮಧ್ಯಾಹ್ನ ಹನ್ನೆರಡಕ್ಕೆ, ಅಂದರೆ ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆಗೆ. ಮೊದಲ ವಾರದಲ್ಲಿ ದೊಡ್ಡ ತಂಡಗಳು ತಮಗಿಂತ ಬಹಳ ದುರ್ಬಲವಾದ ತಂಡವನ್ನು ತವರಿಗೆ ಕರೆಸಿಕೊಂಡು, ಮೂರನೆಯ ಕ್ವಾರ್ಟರ್ ಹೊತ್ತಿಗೆ ಬದಲಿ ಆಟಗಾರರನ್ನು ಇಳಿಸುವುದು ರೂಢಿ. ಈ ಸಲ ಅಂಥ ಅನುಕೂಲ ಇಬ್ಬರಿಗೂ ಇಲ್ಲವಾದ್ದರಿಂದ, ಪಂದ್ಯಕ್ಕೆ ಮುಂಚೆ ಸ್ವಲ್ಪ ವಿವರವಾಗಿ ಮಾತಾಡೋಣವೆಂದು ಈ ಚರ್ಚೆಯನ್ನು ತೆರೆದಿದ್ದೇನೆ.

ಎಲ್ಲ ಕಡೆಯೂ ಕೇಳಿಬರುತ್ತಿರುವುದು ಎರಡೇ ಹೆಸರು. ಒಂದು, ಟೆಕ್ಸಾಸ್‌ನ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡೆಸೆದು ದಾಳಿಯನ್ನು ನಡೆಸುವ ಆಟಗಾರ, ಆರ್ಚ್ ಮ್ಯಾನಿಂಗ್. ಹಿಂದೆ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಆಗಿದ್ದ ಆರ್ಚಿ ಮ್ಯಾನಿಂಗ್ ಅವರ ಮೊಮ್ಮಗ, ಅದೇ ಸ್ಥಾನದಲ್ಲಿ ಹೆಸರು ಮಾಡಿದ ಪೇಟನ್ ಮತ್ತು ಈಲೈ ಅವರ ಅಣ್ಣನ ಮಗ. ಇನ್ನೊಂದು, ಒಹಾಯೊ ಸ್ಟೇಟ್‌ನ ರಿಸೀವರ್ (ಎಸೆದ ಚೆಂಡನ್ನು ಹಿಡಿಯುವವನು) ಜೆರಮಾಯ ಸ್ಮಿತ್. ಕಳೆದ ವರ್ಷ ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ 76 ಕ್ಯಾಚ್, 1,315 ಯಾರ್ಡ್, 15 ಟಚ್‌ಡೌನ್ ಗಳಿಸಿದ ಹುಡುಗ. ಇಬ್ಬರ ಪ್ರತಿಭೆಯ ಬಗ್ಗೆಯೂ ನನಗೆ ಸಂದೇಹವಿಲ್ಲ. ಆದರೆ ಈ ಪಂದ್ಯದ ಫಲಿತಾಂಶ ನಿರ್ಧಾರವಾಗುವುದು ಚೆಂಡಿನ ಎರಡೂ ಬದಿಯಲ್ಲಿ ಬಾಗಿ ನಿಲ್ಲುವ, ಹೆಸರು ಹೆಚ್ಚು ಜನರಿಗೆ ಗೊತ್ತಿಲ್ಲದ ಮುಂಚೂಣಿ ಸಾಲಿನವರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದೇ ತಂಡಗಳು ಕಳೆದ ಜನವರಿ 10ರಂದು ಆರ್ಲಿಂಗ್ಟನ್‌ನಲ್ಲಿ ಕಾಟನ್ ಬೌಲ್ ಎಂಬ ರಾಷ್ಟ್ರೀಯ ಸೆಮಿಫೈನಲ್ ಆಡಿದ್ದನ್ನು ನೆನಪಿಸಿಕೊಳ್ಳಿ. ನಾಲ್ಕನೆಯ ಕ್ವಾರ್ಟರ್‌ನ ಕೊನೆಯ ಭಾಗದಲ್ಲಿ ಒಹಾಯೊ 21–14ರಿಂದ ಮುಂದಿತ್ತು. ಟೆಕ್ಸಾಸ್ ಒಂದು ಯಾರ್ಡ್ ಗೆರೆಯ ತನಕ, ಅಂದರೆ ಟಚ್‌ಡೌನಿಗೆ ಒಂದೇ ಯಾರ್ಡ್ ದೂರಕ್ಕೆ, ಬಂದಿತ್ತು, ಕೈಯಲ್ಲಿ ನಾಲ್ಕು ಪ್ರಯತ್ನಗಳಿದ್ದವು. ಮೊದಲ ಓಟ ಅಲ್ಲೇ ನಿಂತಿತು. ಎರಡನೆಯ ಪ್ರಯತ್ನದಲ್ಲಿ ಪಕ್ಕಕ್ಕೆ ಎಸೆದ ಚೆಂಡನ್ನು ಹಿಡಿದ ಕ್ವಿಂಟ್ರೆವಿಯನ್ ವಿಸ್ನರ್ ಏಳು ಯಾರ್ಡ್ ಹಿಂದಕ್ಕೆ ಬಿದ್ದ. ಮೂರನೆಯ ಎಸೆತ ವ್ಯರ್ಥವಾಯಿತು. ನಾಲ್ಕನೆಯದರಲ್ಲಿ ಜ್ಯಾಕ್ ಸಾಯರ್ ಕ್ವಾರ್ಟರ್‌ಬ್ಯಾಕ್ ಕ್ವಿನ್ ಯೂವರ್ಸ್‌ನ ಕೈಯಿಂದ ಚೆಂಡನ್ನು ಕೆಡವಿ, ತಾನೇ ಎತ್ತಿಕೊಂಡು 83 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. 21–21 ಆಗಬೇಕಿದ್ದ ಪಂದ್ಯ 28–14 ಆಗಿ ಮುಗಿಯಿತು. ಆ ಇಡೀ ಸಂಜೆ ಜೆರಮಾಯ ಸ್ಮಿತ್ ಹಿಡಿದದ್ದು ಒಂದೇ ಕ್ಯಾಚ್, ಅದೂ ಮೂರು ಯಾರ್ಡಿನದು. ಅತಿ ದೊಡ್ಡ ತಾರೆಯನ್ನು ಕಟ್ಟಿಹಾಕಿಯೂ ಟೆಕ್ಸಾಸ್ ಸೋತಿತು ಎಂದರೆ, ಸೋತದ್ದು ಎಲ್ಲಿ ಎಂಬುದು ಸ್ಪಷ್ಟವಾಗಿದೆ.

ಈಗ ಆ ಸಾಲುಗಳಲ್ಲಿ ಯಾರಿದ್ದಾರೆ ನೋಡಿ. ಒಹಾಯೊದ ರಕ್ಷಣಾ ಮುಂಚೂಣಿಯ ನಾಲ್ವರೂ, ಅಂದರೆ ಸಾಯರ್, ಟುಯಿಮೊಲೊವಾವ್, ಟೈಲೀಕ್ ವಿಲಿಯಮ್ಸ್ ಮತ್ತು ಟೈ ಹ್ಯಾಮಿಲ್ಟನ್, ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸೇರಿದ್ದಾರೆ. ಟೆಕ್ಸಾಸ್‌ನ ದಾಳಿಯ ಸಾಲಿನ ಐವರ ಪೈಕಿ ಉಳಿದಿರುವ ಪೂರ್ಣಾವಧಿ ಆಟಗಾರ ಬಲಗಾರ್ಡ್ ಡಿಜೆ ಕ್ಯಾಂಪ್‌ಬೆಲ್ ಒಬ್ಬನೇ. ಸಾಲಿನ ಎಡ ತುದಿಯಲ್ಲಿ ನಿಲ್ಲುತ್ತಿದ್ದ ಎಡ ಟ್ಯಾಕಲ್ ಕೆಲ್ವಿನ್ ಬ್ಯಾಂಕ್ಸ್ ಎನ್‌ಎಫ್‌ಎಲ್‌ನ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲೇ ಆಯ್ಕೆಯಾಗಿ ಹೋದ. ಅವನ ಜಾಗಕ್ಕೆ ಬರುವ ಟ್ರೆವರ್ ಗೂಸ್ಬಿ ಕಳೆದ ವರ್ಷ ಗಾಯಗೊಂಡವರ ಬದಲಿಗೆ ಆಡಿದ ಅನುಭವವುಳ್ಳವನು, ಅಷ್ಟರಮಟ್ಟಿಗೆ ನೆಮ್ಮದಿ. ಹೊಸಬರ ವಿರುದ್ಧ ಹೊಸಬರು ಎಂದಾಗ ಯಾರು ಮೊದಲು ಒಬ್ಬರನ್ನೊಬ್ಬರು ಅರಿತು ಆಡುತ್ತಾರೋ ಅವರದೇ ಮೇಲುಗೈ. ಅದಕ್ಕೆ ಸಾಮಾನ್ಯವಾಗಿ ಮೂರು ನಾಲ್ಕು ಪಂದ್ಯ ಬೇಕಾಗುತ್ತದೆ. ಇಲ್ಲಿ ಒಂದೂ ಸಿಗುವುದಿಲ್ಲ.

ತರಬೇತುದಾರರ ಬದಲಾವಣೆಯೂ ಸಣ್ಣದಲ್ಲ. ಒಹಾಯೊದ ರಕ್ಷಣೆಯನ್ನು ಕಟ್ಟಿದ ಜಿಮ್ ನೋಲ್ಸ್ ಪೆನ್ ಸ್ಟೇಟ್‌ಗೆ ಹೋದರು, ದಾಳಿಯನ್ನು ನಡೆಸುತ್ತಿದ್ದ ಚಿಪ್ ಕೆಲ್ಲಿ ಎನ್‌ಎಫ್‌ಎಲ್‌ನ ರೇಡರ್ಸ್ ಸೇರಿದರು. ನೋಲ್ಸ್ ಅವರ ಜಾಗಕ್ಕೆ ಬಂದಿರುವವರು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ರಕ್ಷಣೆಯನ್ನು ವರ್ಷಗಟ್ಟಲೆ ನೋಡಿಕೊಂಡ, ಆಮೇಲೆ ಡೆಟ್ರಾಯಿಟ್ ಲಯನ್ಸ್‌ನ ಮುಖ್ಯ ತರಬೇತುದಾರರಾಗಿದ್ದ ಮ್ಯಾಟ್ ಪಟ್ರೀಷಿಯ. ಅವರು ಕಾಲೇಜು ಮಟ್ಟದಲ್ಲಿ ಕೆಲಸ ಮಾಡಿ ಎರಡು ದಶಕ ಕಳೆದಿದೆ. ಈ ಆಟಗಾರರನ್ನಿಟ್ಟುಕೊಂಡು ಅವರು ಏನು ಮಾಡುತ್ತಾರೆಂದು ತೋರಿಸುವ ಒಂದು ನಿಮಿಷದ ದೃಶ್ಯವೂ ಟೆಕ್ಸಾಸ್ ಕೈಯಲ್ಲಿಲ್ಲ. ಟೆಕ್ಸಾಸ್‌ನ ಸ್ಟೀವ್ ಸಾರ್ಕಿಸಿಯನ್ ಅವರಂಥ ತರಬೇತುದಾರರಿಗೆ, ಪಂದ್ಯದ ಮೊದಲ ಹತ್ತು ಹದಿನೈದು ನಡೆಗಳನ್ನು ಮುಂಚಿತವಾಗಿ ಬರೆದಿಟ್ಟುಕೊಂಡು ಎದುರಾಳಿಯ ಅಭ್ಯಾಸಗಳನ್ನೇ ಗುರಿಯಾಗಿಸುವವರಿಗೆ, ಇದು ನಿಜವಾದ ತೊಡಕು.

ನನ್ನ ಲೆಕ್ಕದಲ್ಲಿ ಇದು ಕಡಿಮೆ ಅಂಕಗಳ ಪಂದ್ಯ. ಒಹಾಯೊ 20, ಟೆಕ್ಸಾಸ್ 16 ಎಂದು ಊಹಿಸುತ್ತೇನೆ. ನಾನು ಒಹಾಯೊ ಸ್ಟೇಟ್‌ನಲ್ಲೇ ಓದಿದವನು, ಆದ್ದರಿಂದ ನನ್ನ ಒಲವು ಯಾವ ಕಡೆಗೆಂದು ಮುಚ್ಚಿಡಬೇಕಾಗಿಲ್ಲ. ಆದರೂ ವಾದವನ್ನು ವಾದವಾಗಿಯೇ ನೋಡಿ ಉತ್ತರಿಸಬೇಕೆಂದು ಕೋರುತ್ತೇನೆ.

ಆಸ್ಟಿನ್ ವಾಸಿ:

ಒಲೆಂಟಂಜಿಯವರೇ, ಸಾಲುಗಳ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅದೇ ವಾದದಿಂದ ನಾನು ತಲುಪುವ ತೀರ್ಮಾನ ಬೇರೆ.

ಮೊದಲನೆಯದಾಗಿ, ಸಾರ್ಕಿಸಿಯನ್ ತಂಡಕ್ಕೆ ಋತುವಿನ ಆರಂಭದಲ್ಲೇ ಪರರ ಅಂಗಳಕ್ಕೆ ಹೋಗಿ ಗೆಲ್ಲುವುದು ಹೊಸದಲ್ಲ. 2023ರ ಸೆಪ್ಟೆಂಬರಿನಲ್ಲಿ ಟಸ್ಕಲೂಸಾಗೆ ಹೋಗಿ ಅಲಬಾಮವನ್ನು 34–24ರಿಂದ ಸೋಲಿಸಿದರು. ಮರುವರ್ಷ ಸೆಪ್ಟೆಂಬರ್ 7ರಂದು ಆ್ಯನ್ ಆರ್ಬರ್‌ನಲ್ಲಿ ಮಿಶಿಗನ್ ಮೇಲೆ 31–12ರ ಗೆಲುವು. ಆಗ ಹಾಲಿ ಚಾಂಪಿಯನ್ ಆಗಿದ್ದದ್ದು ಮಿಶಿಗನ್. ಒಂದು ಲಕ್ಷಕ್ಕೂ ಹೆಚ್ಚು ಜನರು ಕೂಗುವ ಸ್ಟೇಡಿಯಂ ಎಂದರೇನೆಂದು ಈ ತಂಡದ ಹಿರಿಯರಿಗೆ ಚೆನ್ನಾಗಿ ಗೊತ್ತಿದೆ.

ಎರಡನೆಯದಾಗಿ, ನೀವು ನಿಮ್ಮ ಕ್ವಾರ್ಟರ್‌ಬ್ಯಾಕ್ ಬಗ್ಗೆ ಒಂದು ಮಾತನ್ನೂ ಬರೆದಿಲ್ಲ. ಜೂಲಿಯನ್ ಸೇಯಿನ್‌ನನ್ನು ಈ ತಿಂಗಳ 18ರಂದು ಆರಂಭಿಕ ಆಟಗಾರನೆಂದು ಘೋಷಿಸಲಾಯಿತು. ತರಬೇತುದಾರ ನಿಕ್ ಸೇಬನ್ ನಿವೃತ್ತರಾದ ಮೇಲೆ ಅಲಬಾಮ ಬಿಟ್ಟು ಬಂದ ಪ್ರತಿಭಾವಂತ ಹುಡುಗ ನಿಜ, ಆದರೆ ಕಾಲೇಜು ಮಟ್ಟದಲ್ಲಿ ಅವನು ಒಂದು ಪಂದ್ಯವನ್ನೂ ಆರಂಭಿಸಿಲ್ಲ. ಕಳೆದ ವರ್ಷ ಗೆಲುವು ಖಚಿತವಾದ ಮೇಲೆ ಸಿಕ್ಕ ಕೆಲವೇ ಅವಕಾಶಗಳಲ್ಲಿ ಹನ್ನೆರಡು ಎಸೆತ ಮಾಡಿದ್ದ, ಅಷ್ಟೆ. ಅವನ ಎದುರು ನಿಲ್ಲುವವರು ಯಾರು? ಮೊದಲ ವರ್ಷವೇ ಒಂಬತ್ತು ಸ್ಯಾಕ್ ಮಾಡಿದ, ಅಂದರೆ ಚೆಂಡೆಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಒಂಬತ್ತು ಸಲ ಕೆಡವಿದ, ಕಾಲಿನ್ ಸಿಮನ್ಸ್. ಚೆಂಡು ಹಿಡಿದವರನ್ನು 113 ಸಲ ಕೆಡವಿ ಎಂಟು ಸ್ಯಾಕ್ ಮಾಡಿದ, ಮುಂಚೂಣಿಯ ಹಿಂದೆ ನಿಲ್ಲುವ ಲೈನ್‌ಬ್ಯಾಕರ್ ಆ್ಯಂಟನಿ ಹಿಲ್. ಹಿಂದೆ ನಿಂತು ಎಲ್ಲವನ್ನೂ ಓದಬಲ್ಲ ಮೈಕಲ್ ಟಾಫ್. ಪೀಟ್ ಕ್ವಿಯಾಟ್ಕೌಸ್ಕಿ ಅವರ ಈ ರಕ್ಷಣೆ ಜನವರಿಯಲ್ಲಿ ಸ್ಮಿತ್‌ನನ್ನು ಮೂರು ಯಾರ್ಡ್‌ಗೆ ನಿಲ್ಲಿಸಿತ್ತು, ಆಗ ಚೆಂಡೆಸೆಯುತ್ತಿದ್ದವನು ಐದು ವರ್ಷ ಕಾಲೇಜು ಫುಟ್‌ಬಾಲ್ ಕಂಡ ವಿಲ್ ಹವರ್ಡ್. ಹವರ್ಡ್‌ನಿಂದಲೇ ಆಗದ್ದು ಸೇಯಿನ್‌ನಿಂದ ಮೊದಲ ಪಂದ್ಯದಲ್ಲೇ ಆಗುತ್ತದೆಂದು ನಂಬುವುದು ಹೇಗೆ?

ಮ್ಯಾನಿಂಗ್ ಕೂಡ ಅನನುಭವಿ ಎನ್ನುವವರಿದ್ದಾರೆ. ಅವನು ಕಳೆದ ವರ್ಷ ಯೂವರ್ಸ್ ಗಾಯಗೊಂಡಿದ್ದಾಗ ಎರಡು ಪಂದ್ಯ ಆರಂಭಿಸಿ ಎರಡನ್ನೂ ಗೆದ್ದವನು; ಋತುವಿನಲ್ಲಿ ಒಟ್ಟು 939 ಯಾರ್ಡ್, ಒಂಬತ್ತು ಟಚ್‌ಡೌನ್ ಎಸೆತ, ಜೊತೆಗೆ ಸ್ಯಾನ್ ಆಂಟೋನಿಯೊದ ಯುಟಿಎಸ್‌ಎ ತಂಡದ ವಿರುದ್ಧ 67 ಯಾರ್ಡ್ ಓಡಿ ಮಾಡಿದ ಟಚ್‌ಡೌನ್. ಮೂರನೆಯ ವರ್ಷ ಅದೇ ಆಟದ ಪುಸ್ತಕ, ಅದೇ ತರಬೇತುದಾರ. ಜನವರಿಯಲ್ಲಿ ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಇದ್ದಿದ್ದರೆ ಒಂದು ಯಾರ್ಡ್ ಗೆರೆಯಿಂದ ಪಕ್ಕಕ್ಕೆ ಚೆಂಡು ಎಸೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಟೆಕ್ಸಾಸ್ 23, ಒಹಾಯೊ 17.

ರಾತ್ರಿಪಾಳಿ ಬೆಂಗಳೂರು:

ನಾನು ಈ ಆಟವನ್ನು ನೋಡಲು ಆರಂಭಿಸಿ ಹೆಚ್ಚು ಕಾಲವಾಗಿಲ್ಲ, ಆದ್ದರಿಂದ ಒಂದು ಮೂಲಭೂತ ಪ್ರಶ್ನೆ. ಈಗ ಪ್ಲೇಆಫ್‌ಗೆ ಹನ್ನೆರಡು ತಂಡಗಳು ಹೋಗುತ್ತವೆ. ಕಳೆದ ವರ್ಷ ಒಹಾಯೊ ಎರಡು ಪಂದ್ಯ ಸೋತೂ ಚಾಂಪಿಯನ್ ಆಯಿತು. ಹಾಗಿರುವಾಗ ಆಗಸ್ಟ್ ತಿಂಗಳ ಒಂದು ಪಂದ್ಯದಲ್ಲಿ ಸೋತವರಿಗೆ ನಿಜವಾಗಿ ಏನು ನಷ್ಟ? ನಿದ್ದೆಗೆಟ್ಟು ನೋಡುವಷ್ಟು ಮಹತ್ವ ಇದಕ್ಕಿದೆಯೆ?

ಒಲೆಂಟಂಜಿ ದಂಡೆ:

ಪ್ರಶ್ನೆ ಸರಿಯಾಗಿದೆ. ಮೊದಲು ಲೆಕ್ಕದ ಮಾತು ಹೇಳುತ್ತೇನೆ. ಕಳೆದ ವರ್ಷ ಮೊದಲ ನಾಲ್ಕು ಶ್ರೇಯಾಂಕಗಳು ಕಾನ್ಫರೆನ್ಸ್ (ಒಟ್ಟಿಗೆ ಆಡುವ ತಂಡಗಳ ಗುಂಪು) ಚಾಂಪಿಯನ್ನರಿಗೇ ಮೀಸಲಾಗಿದ್ದವು. ಈ ವರ್ಷದಿಂದ ಆ ನಿಯಮ ಹೋಗಿದೆ. ಆಯ್ಕೆ ಸಮಿತಿಯ ಅಂತಿಮ ಪಟ್ಟಿಯಲ್ಲಿ ಮೊದಲ ನಾಲ್ಕರಲ್ಲಿರುವವರಿಗೆ ನೇರವಾಗಿ ಕ್ವಾರ್ಟರ್‌ಫೈನಲ್ ಪ್ರವೇಶ, ಐದರಿಂದ ಎಂಟರವರೆಗಿನವರಿಗೆ ಮೊದಲ ಸುತ್ತನ್ನು ತವರಿನಲ್ಲಿ ಆಡುವ ಅವಕಾಶ. ಹಾಗಾಗಿ ತಮ್ಮ ಕಾನ್ಫರೆನ್ಸ್‌ನ ಪ್ರಶಸ್ತಿ ಕೈತಪ್ಪಿದರೂ ಬಲಿಷ್ಠ ತಂಡದ ಮೇಲಿನ ಒಂದು ಗೆಲುವು ಡಿಸೆಂಬರಿನಲ್ಲಿ ಶ್ರೇಯಾಂಕವನ್ನು ಎತ್ತಬಲ್ಲದು. ಸೋತವರು ಹೊರಬೀಳುವುದಿಲ್ಲ, ನಿಜ, ಆದರೆ ಮುಂದೆ ಎಡವಲು ಅವರಿಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ. ಟೆಕ್ಸಾಸ್ ಅಕ್ಟೋಬರಿನಲ್ಲಿ ಫ್ಲಾರಿಡಾಗೆ ಹೋಗಬೇಕು, ಮರುವಾರವೇ ಡಲ್ಲಾಸ್‌ನಲ್ಲಿ ಓಕ್ಲಹೋಮ, ನವೆಂಬರಿನಲ್ಲಿ ಜಾರ್ಜಿಯಾದ ಅಂಗಳ, ಕೊನೆಗೆ ಟೆಕ್ಸಾಸ್ ಎ ಅಂಡ್ ಎಂ. ಒಹಾಯೊಗೆ ನವೆಂಬರ್ ಒಂದರಂದು ಪೆನ್ ಸ್ಟೇಟ್, ಕೊನೆಯಲ್ಲಿ ಆ್ಯನ್ ಆರ್ಬರ್‌ನಲ್ಲಿ ಮಿಶಿಗನ್. ಮಿಶಿಗನ್ ಎದುರು ಸತತ ನಾಲ್ಕು ಸಲ ಸೋತಿರುವ ನಮಗೆ ಅದೊಂದೇ ಪಂದ್ಯದ ಚಿಂತೆ ಸಾಕಷ್ಟಿದೆ.

ಲೆಕ್ಕವನ್ನು ಬಿಟ್ಟು ಹೇಳುವುದಾದರೆ, ಇಷ್ಟು ಬಲದ ಎರಡು ತಂಡಗಳು ತಾವು ಯಾರೆಂದು ತಮಗೇ ಗೊತ್ತಾಗುವ ಮೊದಲು ಆಡುವ ಪಂದ್ಯ ಇದು. ಡಿಸೆಂಬರಿನ ಪಂದ್ಯದಲ್ಲಿ ಎಲ್ಲರೂ ಎಲ್ಲರನ್ನೂ ಓದಿ ಮುಗಿಸಿರುತ್ತಾರೆ, ಇಲ್ಲಿ ಹಾಗಲ್ಲ. ನನಗಂತೂ ಅದೇ ದೊಡ್ಡ ಆಕರ್ಷಣೆ. ದಯವಿಟ್ಟು ಎಚ್ಚರವಾಗಿದ್ದು ನೋಡಿ.

ಆಸ್ಟಿನ್ ವಾಸಿಯವರೇ, ಮ್ಯಾನಿಂಗ್ ಆರಂಭಿಸಿದ ಆ ಎರಡು ಪಂದ್ಯಗಳು ಲೂಯಿಸಿಯಾನ–ಮನ್ರೋ ಮತ್ತು ಮಿಸಿಸಿಪಿ ಸ್ಟೇಟ್ ವಿರುದ್ಧ, ಎರಡೂ ಆಸ್ಟಿನ್‌ನಲ್ಲಿಯೇ. ಪರಸ್ಥಳದಲ್ಲಿ ಆರಂಭಿಕನಾಗಿ ಅವನಿಗೂ ಇದೇ ಮೊದಲು. 1,02,780 ಆಸನಗಳ ಸ್ಟೇಡಿಯಂನಲ್ಲಿ ಅವನು ಎದುರಿಸಬೇಕಾದ ಗದ್ದಲ ಆ ಪಂದ್ಯಗಳಲ್ಲಿ ಇರಲಿಲ್ಲ.

ಡಬ್ಲಿನ್ ಒಹಾಯೊ ತಾಯಿ:

ನನ್ನ ಮಗ ಇಲ್ಲಿನ ಹೈಸ್ಕೂಲ್ ತಂಡದಲ್ಲಿ ದಾಳಿಯ ಸಾಲಿನಲ್ಲಿ ಸೆಂಟರ್ ಆಗಿ ಆಡುತ್ತಾನೆ. ಅವನಿಂದಾಗಿಯೇ ನಾನು ಚೆಂಡನ್ನು ಬಿಟ್ಟು ಸಾಲನ್ನು ನೋಡುವುದನ್ನು ಕಲಿತೆ. ಗದ್ದಲದ ಮಾತು ಬಂದದ್ದರಿಂದ ಅದು ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ಹೇಳಬೇಕೆನಿಸಿತು.

ತವರಿನಲ್ಲಿ ಕ್ವಾರ್ಟರ್‌ಬ್ಯಾಕ್ ಬಾಯಲ್ಲಿ ಎಣಿಕೆ ಕೂಗುತ್ತಾನೆ, ಸಾಲಿನ ಐವರೂ ಆ ದನಿಗೆ ಒಟ್ಟಿಗೆ ಏಳುತ್ತಾರೆ. ಎಣಿಕೆಯನ್ನು ಒಮ್ಮೆ ಎಳೆದು, ಒಮ್ಮೆ ಮೊಟಕುಮಾಡಿ ಎದುರಾಳಿಯನ್ನು ಮುಂಚಿತವಾಗಿ ಜಿಗಿಯುವಂತೆ ಮಾಡಬಹುದು. ಪರಸ್ಥಳದಲ್ಲಿ ಆ ದನಿ ಕೇಳುವುದಿಲ್ಲವಾದ್ದರಿಂದ ಮೌನ ಎಣಿಕೆಗೆ ಹೋಗಬೇಕಾಗುತ್ತದೆ: ಗಾರ್ಡ್ ಹಿಂದಕ್ಕೆ ತಿರುಗಿ ಕ್ವಾರ್ಟರ್‌ಬ್ಯಾಕ್‌ನ ಸನ್ನೆ ನೋಡುತ್ತಾನೆ, ಸೆಂಟರ್‌ಗೆ ತಟ್ಟುತ್ತಾನೆ, ಸೆಂಟರ್ ತಲೆಯೆತ್ತಿ ಒಂದು ಕ್ಷಣ ಬಿಟ್ಟು ಚೆಂಡು ಕೊಡುತ್ತಾನೆ. ಅಂಚಿನಲ್ಲಿ ನಿಂತ ಟ್ಯಾಕಲ್‌ಗೆ ಏನೂ ಕೇಳಿಸುವುದಿಲ್ಲ. ಅವನು ಓರೆಗಣ್ಣಿನಿಂದ ಚೆಂಡು ಅಲುಗುವುದನ್ನು ಕಂಡ ಮೇಲೆಯೇ ಏಳಬೇಕು. ಎದುರಿನ ರಕ್ಷಕನೂ ಅದೇ ಚೆಂಡನ್ನು ನೋಡುತ್ತಿರುತ್ತಾನೆ. ದಾಳಿಯವರಿಗೆ ಇದ್ದ ಒಂದೇ ಒಂದು ಅನುಕೂಲ, ಯಾವಾಗ ಏಳಬೇಕೆಂದು ಮೊದಲೇ ಗೊತ್ತಿರುವುದು, ಅಲ್ಲಿಗೆ ಹೋಯಿತು. ತಾಳ ತಪ್ಪಿ ಮೊದಲೇ ಅಲುಗಿದರೆ ಐದು ಯಾರ್ಡ್ ದಂಡ.

ಕಳೆದ ವರ್ಷದಿಂದ ತರಬೇತುದಾರರು ಹೆಲ್ಮೆಟ್ಟಿನೊಳಗಿನ ಸ್ಪೀಕರ್ ಮೂಲಕ ಒಬ್ಬ ಆಟಗಾರನ ಜೊತೆ ಮಾತಾಡಬಹುದು. ಆದರೆ ಆ ಸಂಪರ್ಕ, ಪ್ರತಿ ನಡೆಯನ್ನು ಆರಂಭಿಸಲು ಕೊಡುವ ಸಮಯದ ಗಡಿಯಾರದಲ್ಲಿ ಹದಿನೈದು ಸೆಕೆಂಡ್ ಉಳಿದಾಗ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಎದುರಾಳಿಯ ರಕ್ಷಣೆ ಜಾಗ ಬದಲಿಸಿದರೆ, ಅದನ್ನು ಗುರುತಿಸಿ ಐವರಿಗೂ ತಿಳಿಸುವ ಹೊಣೆ ಸೆಂಟರ್ ಮತ್ತು ಕ್ವಾರ್ಟರ್‌ಬ್ಯಾಕ್ ಅವರದೇ. ಪಟ್ರೀಷಿಯ ಅವರ ಪೇಟ್ರಿಯಟ್ಸ್ ತಂಡ ಹೆಸರು ಮಾಡಿದ್ದೇ ಸ್ನ್ಯಾಪ್‌ಗೆ (ಸೆಂಟರ್ ಚೆಂಡು ಕೊಡುವುದಕ್ಕೆ) ಮೊದಲು ಒಂದು ರೂಪ ತೋರಿಸಿ ಆಮೇಲೆ ಇನ್ನೊಂದು ರೂಪಕ್ಕೆ ಹೋಗುವುದರಲ್ಲಿ. ಒಟ್ಟಿಗೆ ಆಡಿ ಅಭ್ಯಾಸವಿಲ್ಲದ ಐವರು, ಕಿವಿ ಕೇಳದ ಗದ್ದಲ, ಕೊನೆಯ ಕ್ಷಣದಲ್ಲಿ ಬದಲಾಗುವ ರಕ್ಷಣೆ: ಮೂರೂ ಒಟ್ಟಾದಾಗ ಮ್ಯಾನಿಂಗ್ ಮೇಲೆ ಬೀಳುವ ಒತ್ತಡ ದೊಡ್ಡದು. ಮೊದಲ ಎರಡು ಡ್ರೈವ್‌ಗಳಲ್ಲಿ, ಅಂದರೆ ದಾಳಿಯ ಮೊದಲ ಎರಡು ಸರದಿಗಳಲ್ಲಿ, ಟೆಕ್ಸಾಸ್‌ನ ಟ್ಯಾಕಲ್‌ಗಳು ಎಷ್ಟು ತಡವಾಗಿ ಏಳುತ್ತಾರೆ ಎಂಬುದನ್ನು ಗಮನಿಸಿ, ಉಳಿದ ಪಂದ್ಯ ಹೇಗಿರುತ್ತದೆಂದು ತಿಳಿಯುತ್ತದೆ.

ಅದೇ ನ್ಯಾಯದಿಂದ ನಮ್ಮವರ ಬಗ್ಗೆಯೂ ಹೇಳಬೇಕು. ಡೊನೊವನ್ ಜ್ಯಾಕ್ಸನ್ ಮತ್ತು ಜಾಶ್ ಸಿಮನ್ಸ್ ಇಬ್ಬರೂ ಮೊದಲ ಸುತ್ತಿನಲ್ಲಿ ಆಯ್ಕೆಯಾದರು, ಸೆಂಟರ್ ಸೆತ್ ಮೆಕ್‌ಲಾಫ್ಲಿನ್ ಕೂಡ ಈಗ ತಂಡದಲ್ಲಿಲ್ಲ, ಸಾಲಿನ ತರಬೇತುದಾರರೂ ಹೊಸಬರು. ಹಿಂಜ್‌ಮನ್‌ನಂಥ ಅನುಭವಿ ನಡುವೆ ಇರುವುದು ಸಮಾಧಾನದ ಸಂಗತಿಯಾದರೂ ಅಂಚುಗಳಲ್ಲಿ ಸಿಮನ್ಸ್‌ನ ವೇಗವನ್ನು ತಡೆಯುವುದು ಸುಲಭವಲ್ಲ. ಟೆಕ್ಸಾಸ್‌ನ ಸಿಮನ್ಸ್ ಎಂದು ಬಿಡಿಸಿ ಹೇಳಬೇಕು.

ಆಸ್ಟಿನ್ ವಾಸಿ:

ಡಬ್ಲಿನ್ ತಾಯಿಯವರೇ, ಇಷ್ಟು ಸ್ಪಷ್ಟವಾಗಿ ಬರೆದದ್ದಕ್ಕೆ ಧನ್ಯವಾದ. ಮೌನ ಎಣಿಕೆಯ ವಿಷಯದಲ್ಲಿ ನಿಮ್ಮ ಮಾತು ನನ್ನನ್ನು ಯೋಚನೆಗೆ ಹಚ್ಚಿದೆ.

ಆದರೆ ಪಟ್ರೀಷಿಯ ಅವರ ವಿಷಯದಲ್ಲಿ ಇನ್ನೊಂದು ಮಗ್ಗುಲಿದೆ. ಕಾಲೇಜು ಮೈದಾನದಲ್ಲಿ, ಚೆಂಡನ್ನು ಎಲ್ಲಿಂದ ಆಡಬಹುದೆಂಬ ಮಿತಿ ತೋರಿಸುವ ಎರಡು ಸಾಲು ಹ್ಯಾಶ್ ಗುರುತುಗಳ ನಡುವೆ 40 ಅಡಿ ಅಂತರ; ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ ಮಾತ್ರ. ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಇನ್ನೊಂದು ಬದಿಗೆ ಕಾಲೇಜಿನಲ್ಲಿ ವಿಶಾಲವಾದ ಬಯಲು ತೆರೆದುಕೊಳ್ಳುತ್ತದೆ. ಆ ಬದಿಯನ್ನು ಕಾಯುವ ಲೆಕ್ಕಾಚಾರ ವೃತ್ತಿಪರ ಆಟದಲ್ಲಿ ಇರುವುದಕ್ಕಿಂತ ಬೇರೆಯೇ. ಸಾರ್ಕಿಸಿಯನ್ ಅವರ ದಾಳಿ ಬದುಕುವುದೇ ಆ ಅಗಲದ ಮೇಲೆ: ಸ್ನ್ಯಾಪ್‌ಗೆ ಮೊದಲಿನ ಓಡಾಟ, ಸ್ಕ್ರೀನ್ ಪಾಸ್, ಓಟವೆಂದು ನಂಬಿಸಿ ಮಾಡುವ ಉದ್ದದ ಎಸೆತ. ರಿಸೀವರ್ ರಯಾನ್ ವಿಂಗೊನಂಥ ವೇಗಿ ಆ ಅಗಲದ ಬದಿಯಲ್ಲಿ ನಿಂತಾಗ, ಎರಡು ದಶಕದ ನಂತರ ಕಾಲೇಜಿಗೆ ಮರಳಿದ ತರಬೇತುದಾರರಿಗೆ ಮೊದಲ ದಿನವೇ ಉತ್ತರ ಸಿದ್ಧವಿರುತ್ತದೆಯೆ? ದೃಶ್ಯಗಳಿಲ್ಲದ ತೊಡಕು ಟೆಕ್ಸಾಸ್‌ಗೆ ಮಾತ್ರ ಎಂದು ಒಲೆಂಟಂಜಿಯವರು ಬರೆದಿದ್ದಾರೆ. ಅಭ್ಯಾಸವಿಲ್ಲದ ತೊಡಕು ಒಹಾಯೊಗೂ ಇದೆ.

2021ರ ಸೆಪ್ಟೆಂಬರನ್ನೂ ಮರೆಯಬೇಡಿ. ಇದೇ ಸ್ಟೇಡಿಯಂನಲ್ಲಿ, ಇದೇ ಮಧ್ಯಾಹ್ನದ ಹೊತ್ತಿನಲ್ಲಿ, ಸಿ.ಜೆ. ಸ್ಟ್ರೌಡ್ ತನ್ನ ಎರಡನೆಯ ಪಂದ್ಯದಲ್ಲಿ 484 ಯಾರ್ಡ್ ಎಸೆದೂ ಆರೆಗನ್ ಕೈಯಲ್ಲಿ ಒಹಾಯೊ 35–28ರಿಂದ ಸೋತಿತ್ತು. ಅಂದು ಕೈಕೊಟ್ಟದ್ದು ರಕ್ಷಣೆ.

ರಾತ್ರಿಪಾಳಿ ಬೆಂಗಳೂರು:

ಉತ್ತರಗಳಿಗೆ ಧನ್ಯವಾದ, ನಾನು ಎಚ್ಚರವಾಗಿರುತ್ತೇನೆ. ಈ ಎರಡು ತಂಡಗಳು ಹಿಂದೆ ಎಷ್ಟು ಸಲ ಆಡಿವೆ?

ಹಳೆಯ ಬಕೈ:

ನಾಲ್ಕೇ ಸಲ, ಎರಡು ಅವರಿಗೆ, ಎರಡು ನಮಗೆ. ಮೊದಲನೆಯದು 2005ರ ಸೆಪ್ಟೆಂಬರ್ 10ರ ರಾತ್ರಿ ಕೊಲಂಬಸ್‌ನಲ್ಲಿ, ಟೆಕ್ಸಾಸ್ ಎರಡನೆಯ ಸ್ಥಾನದಲ್ಲಿ, ಒಹಾಯೊ ನಾಲ್ಕನೆಯ ಸ್ಥಾನದಲ್ಲಿ ಇದ್ದಾಗ. ನಾನು ಆ ರಾತ್ರಿ ಸ್ಟೇಡಿಯಂನಲ್ಲಿದ್ದೆ. ಒಹಾಯೊ ಮತ್ತೆ ಮತ್ತೆ ಎಂಡ್ ಝೋನ್ (ಟಚ್‌ಡೌನ್ ಆಗುವ, ಮೈದಾನದ ತುದಿಯ ಜಾಗ) ಹತ್ತಿರ ಹೋಗಿ ಟಚ್‌ಡೌನ್ ಸಿಗದೆ, ಚೆಂಡನ್ನು ಕಂಬಗಳ ನಡುವೆ ಒದ್ದು ಮೂರೇ ಅಂಕ ಪಡೆಯುವ ಫೀಲ್ಡ್ ಗೋಲಿಗೆ ತೃಪ್ತಿಪಟ್ಟಿತು. ಜಾಶ್ ಹ್ಯೂಸ್ಟನ್ ಐದು ಸಲ ಒದ್ದು ಹದಿನೈದು ಅಂಕ ತಂದ. 22–16ರ ಮುನ್ನಡೆ ಸಾಕಾಗಬಹುದೆಂದು ತೋರುತ್ತಿದ್ದಾಗ, ಮೂರು ನಿಮಿಷಕ್ಕೂ ಕಡಿಮೆ ಉಳಿದಿರುವಂತೆ ಟೆಕ್ಸಾಸ್‌ನ ವಿನ್ಸ್ ಯಂಗ್ 24 ಯಾರ್ಡಿನ ಎಸೆತದಲ್ಲಿ ಲೈಮಸ್ ಸ್ವೀಡ್‌ನನ್ನು ಎಂಡ್ ಝೋನಿನಲ್ಲಿ ಕಂಡುಕೊಂಡ. ಕೊನೆಯಲ್ಲಿ ಒಂದು ಸೇಫ್ಟಿ, ಅಂದರೆ ಎದುರಾಳಿಯನ್ನು ಅವರದೇ ಎಂಡ್ ಝೋನಿನಲ್ಲಿ ಕೆಡವಿದ್ದಕ್ಕೆ ಸಿಗುವ ಎರಡು ಅಂಕ, ಸೇರಿ ಟೆಕ್ಸಾಸ್‌ಗೆ 25–22ರ ಗೆಲುವು. ಆ ಋತುವಿನಲ್ಲಿ ಟೆಕ್ಸಾಸ್ ಒಂದೂ ಪಂದ್ಯ ಸೋಲದೆ, ರೋಸ್ ಬೌಲ್‌ನಲ್ಲಿ ಯುಎಸ್‌ಸಿಯನ್ನು 41–38ರಿಂದ ಮಣಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು.

ಮರುವರ್ಷ ಆಸ್ಟಿನ್‌ನಲ್ಲಿ ಮೊದಲ ಸ್ಥಾನದ ಒಹಾಯೊ ಎರಡನೆಯ ಸ್ಥಾನದ ಟೆಕ್ಸಾಸ್ ಮೇಲೆ 24–7ರ ಗೆಲುವು ಪಡೆಯಿತು. ಅಂದು ಟೆಕ್ಸಾಸ್ ಪರ ಆಡಿದ ಕ್ವಾರ್ಟರ್‌ಬ್ಯಾಕ್ ಕೋಲ್ಟ್ ಮೆಕಾಯ್‌ಗೆ ಅದು ಕಾಲೇಜಿನ ಎರಡನೆಯ ಪಂದ್ಯ. 2009ರ ಜನವರಿಯ ಫಿಯೆಸ್ಟಾ ಬೌಲ್‌ನಲ್ಲಿ ಅದೇ ಮೆಕಾಯ್ 24–21ರಿಂದ ಸೇಡು ತೀರಿಸಿಕೊಂಡ. ನಾಲ್ಕನೆಯದು ಈ ಜನವರಿಯದು.

ಈ ನಾಲ್ಕು ಪಂದ್ಯಗಳನ್ನು ಎದುರಿಗಿಟ್ಟುಕೊಂಡಾಗ ನನಗೆ ಕಾಣುವುದು ಇಷ್ಟು: ಕೊನೆಯ ಹತ್ತು ಯಾರ್ಡುಗಳಲ್ಲಿ ಏನಾಯಿತು ಎಂಬುದೇ 2005ರಲ್ಲಿಯೂ 2025ರಲ್ಲಿಯೂ ಗೆದ್ದವರನ್ನು ನಿರ್ಧರಿಸಿತು. ಮೊದಲ ಬಾರಿ ಪೆಟ್ಟು ತಿಂದವರು ನಾವು, ಎರಡನೆಯ ಬಾರಿ ಅವರು. ಆದ್ದರಿಂದ ಸಾಲುಗಳ ಬಗ್ಗೆ ಇಲ್ಲಿ ಬಂದಿರುವ ವಾದವನ್ನು ನಾನು ಇನ್ನೂ ಕಿರಿದುಗೊಳಿಸುತ್ತೇನೆ. ಮೈದಾನದ ನಡುವೆ ಎರಡೂ ತಂಡಗಳು ಓಡಬಹುದು, ಎಸೆಯಬಹುದು. ಜಾಗ ಕಿರಿದಾದಾಗ, ರಕ್ಷಣೆಯ ಬೆನ್ನಿಗೆ ಎಂಡ್ ಝೋನಿನ ಗೆರೆ ತಾಗಿದಾಗ, ಮೂರು ಯಾರ್ಡ್ ತಳ್ಳಿಕೊಂಡು ಹೋಗುವ ಬಲ ಯಾರಿಗಿದೆಯೋ ಅವರಿಗೆ ಪಂದ್ಯ. ಕಳೆದ ವರ್ಷದ ನಮ್ಮ ಜಡ್ಕಿನ್ಸ್ ಮತ್ತು ಹೆಂಡರ್ಸನ್ ಇಬ್ಬರೂ ಸಾವಿರ ಯಾರ್ಡ್ ದಾಟಿದ ಓಟಗಾರರು, ಇಬ್ಬರೂ ಈಗ ತಂಡದಲ್ಲಿಲ್ಲ. ಟೆಕ್ಸಾಸ್‌ನಲ್ಲಿ ವಿಸ್ನರ್ ಉಳಿದಿದ್ದಾನೆ, ಮೊಣಕಾಲಿನ ಗಾಯದಿಂದ ಕಳೆದ ಋತುವನ್ನೇ ಕಳೆದುಕೊಂಡ ಸಿಜೆ ಬ್ಯಾಕ್ಸ್‌ಟರ್ ಮರಳಿದ್ದಾನೆ. ಆ ಒಂದು ಅಂಶದಲ್ಲಿ ಟೆಕ್ಸಾಸ್ ಮೇಲಿದೆ ಎಂದು ಒಪ್ಪಿಕೊಳ್ಳಲೇಬೇಕು.

ಮಧ್ಯಾಹ್ನದ ಆಟದ ಬಗ್ಗೆ ನನ್ನ ಅಸಮಾಧಾನವನ್ನು ಇಲ್ಲೇ ದಾಖಲಿಸುತ್ತೇನೆ. ಇಂಥ ಪಂದ್ಯಕ್ಕೆ 2005ರಂತೆ ದೀಪದ ಬೆಳಕೇ ಸರಿ. ಟಿವಿ ಒಪ್ಪಂದದ ಹಿತಕ್ಕಾಗಿ ಇಡೀ ಊರಿನ ಸಂಜೆಯನ್ನು ಕಿತ್ತುಕೊಳ್ಳಲಾಗಿದೆ. ಅದೇ ಬೆಳಗ್ಗೆ ಹಿರಿಯ ಟಿವಿ ವಿಶ್ಲೇಷಕ ಲೀ ಕೋರ್ಸೊ ತಮ್ಮ ಕೊನೆಯ ಕಾಲೇಜ್ ಗೇಮ್‌ಡೇ ಕಾರ್ಯಕ್ರಮಕ್ಕಾಗಿ ಕೊಲಂಬಸ್‌ಗೆ ಬರುತ್ತಿದ್ದಾರೆ. 1996ರಲ್ಲಿ ಅವರು ಮೊದಲ ಬಾರಿಗೆ ತಂಡದ ಮುಖವಾಡ ತೊಟ್ಟು ಭವಿಷ್ಯ ನುಡಿದದ್ದು ಇದೇ ಊರಿನಲ್ಲಿ. ಆ ಗೌರವಕ್ಕಾದರೂ ಬೇಗ ಎದ್ದು ಹೋಗುವವನಿದ್ದೇನೆ.

ಒಲೆಂಟಂಜಿ ದಂಡೆ:

ಹಳೆಯ ಬಕೈ ಸರ್, ಐದು ಫೀಲ್ಡ್ ಗೋಲುಗಳ ನೆನಪು ನೋವಿನದಾದರೂ ಸರಿಯಾದ ಜಾಗದಲ್ಲಿ ಬಂದಿದೆ. ನಿಮ್ಮ ಮಾತಿಗೆ ಸೇರಿಸಬೇಕಾದ ಇನ್ನೊಂದು ಸಂಗತಿಯಿದೆ. ಟೆಕ್ಸಾಸ್‌ನ ರಕ್ಷಣಾ ಸಾಲಿನ ನಡುವೆ ಇದ್ದ ಆಲ್ಫ್ರೆಡ್ ಕಾಲಿನ್ಸ್ ಮತ್ತು ವರ್ನನ್ ಬ್ರೌಟನ್ ಹೋಗಿದ್ದಾರೆ. ಆ ಜಾಗವನ್ನು ತುಂಬಲು ಬೇರೆ ವಿಶ್ವವಿದ್ಯಾಲಯಗಳಿಂದ ಹಲವರನ್ನು ತಂದಿದ್ದಾರೆ, ಅವರಲ್ಲಿ ಒಬ್ಬ ಹೀರೊ ಕನು, ಕಳೆದ ಋತುವಿನವರೆಗೂ ನಮ್ಮ ತಂಡದಲ್ಲಿಯೇ ಇದ್ದವನು. ನಡುವೆ ಓಡಿ ಮೂರು ಯಾರ್ಡ್ ಗಳಿಸುವುದು ಜನವರಿಗಿಂತ ಈಗ ಸುಲಭವೆಂದು ನನಗೆ ತೋರುತ್ತದೆ. ನಮ್ಮ ಕಡೆ ಕೇಡನ್ ಮೆಕ್‌ಡೊನಾಲ್ಡ್‌ನಂಥ ಭಾರಿ ಆಳು ನಡುವೆ ನಿಂತರೆ, ಹಿಂದೆ ಸನ್ನಿ ಸ್ಟೈಲ್ಸ್ ಮತ್ತು ಕೇಲಬ್ ಡೌನ್ಸ್ ಇದ್ದಾರೆ. ನನ್ನ ಮಟ್ಟಿಗೆ ಮೈದಾನದಲ್ಲಿರುವ ನಲವತ್ನಾಲ್ಕು ಆರಂಭಿಕರಲ್ಲಿ ಅತ್ಯುತ್ತಮ ಫುಟ್‌ಬಾಲ್ ಬುದ್ಧಿ ಡೌನ್ಸ್‌ನದು. ಜನವರಿಯಲ್ಲಿ ಕೊನೆಯ ಎಸೆತವನ್ನು ಕಸಿದು ಪಂದ್ಯ ಮುಗಿಸಿದವನೂ ಅವನೇ.

ಹ್ಯಾಶ್ ಗುರುತಿನ ವಾದ ಗಟ್ಟಿಯಾಗಿದೆ, ಆಸ್ಟಿನ್ ವಾಸಿಯವರೇ. ಅಗಲದ ಬದಿಗೆ ಡೌನ್ಸ್‌ನನ್ನು ಸರಿಸಿದರೆ ನಡುವೆ ಬಾಗಿಲು ತೆರೆಯುತ್ತದೆ, ಸರಿಸದಿದ್ದರೆ ವಿಂಗೊ ಒಂಟಿಯಾಗಿ ಸಿಗುತ್ತಾನೆ. ಪಟ್ರೀಷಿಯ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದು ನನಗೂ ಕುತೂಹಲ. ಅವರು ಉದ್ದದ ಎಸೆತವನ್ನು ಮುಚ್ಚಿ, ಸಣ್ಣ ಎಸೆತಗಳನ್ನು ಬಿಟ್ಟುಕೊಟ್ಟು, ಮ್ಯಾನಿಂಗ್ ಹತ್ತು ಹನ್ನೆರಡು ನಡೆಗಳ ಡ್ರೈವನ್ನು ತಪ್ಪಿಲ್ಲದೆ ನಡೆಸಲಿ ನೋಡೋಣ ಎನ್ನುತ್ತಾರೆಂದು ನನ್ನ ಊಹೆ.

ಆಸ್ಟಿನ್ ವಾಸಿ:

ಹಾಗಾದರೆ ನಿಮ್ಮ ಕಡೆಯೂ ದಾಳಿಯ ತರಬೇತುದಾರ ಹಾರ್ಟ್‌ಲೈನ್ ಸೇಯಿನ್‌ಗೆ ಅಷ್ಟೇ ಎಚ್ಚರಿಕೆಯ ಆಟವನ್ನು ಕೊಡುತ್ತಾರೆ, ಎರಡೂ ತಂಡಗಳು ಮೊದಲ ಅರ್ಧದಲ್ಲಿ ಪಂಟ್ ಒದ್ದು ಚೆಂಡನ್ನು ಎದುರಾಳಿಗೆ ಬಿಟ್ಟುಕೊಡುತ್ತಲೇ ಇರುತ್ತವೆ. ಹಾಗಿದ್ದಲ್ಲಿ ನನ್ನ ಅಂಕಗಳನ್ನು ಇಳಿಸುತ್ತೇನೆ, ಗೆಲ್ಲುವವರನ್ನು ಬದಲಿಸುವುದಿಲ್ಲ: ಟೆಕ್ಸಾಸ್ 17, ಒಹಾಯೊ 13.

ಒಂದು ಕಾಳಜಿಯನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ. ಟೆಕ್ಸಾಸ್ ಸೇರಿರುವ ಎಸ್‌ಇಸಿ ಕಾನ್ಫರೆನ್ಸ್ ಮುಂದಿನ ವರ್ಷದಿಂದ ಕಾನ್ಫರೆನ್ಸ್ ಒಳಗೆ ಒಂಬತ್ತು ಪಂದ್ಯ ಆಡುವುದಾಗಿ ಕಳೆದ ವಾರ ಪ್ರಕಟಿಸಿದೆ. ಹೊರಗಿನ ಒಂದು ಬಲಿಷ್ಠ ತಂಡದ ವಿರುದ್ಧವೂ ಪ್ರತಿ ವರ್ಷ ಆಡಲೇಬೇಕೆಂಬ ಷರತ್ತು ಅದರಲ್ಲಿದೆ, ಅದು ಒಳ್ಳೆಯದೇ. ಆದರೆ ಸೋತವರನ್ನು ಆಯ್ಕೆ ಸಮಿತಿ ಡಿಸೆಂಬರಿನಲ್ಲಿ ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಎಲ್ಲ ಅಥ್ಲೆಟಿಕ್ ನಿರ್ದೇಶಕರೂ ಗಮನಿಸುತ್ತಿರುತ್ತಾರೆ. ಇಲ್ಲಿ ಸೋತ ತಂಡ, ಉಳಿದದ್ದನ್ನೆಲ್ಲ ಗೆದ್ದು ಬಂದ ಮೇಲೂ, ದುರ್ಬಲರನ್ನೇ ಆರಿಸಿಕೊಂಡು ಆಡಿದ ತಂಡಗಳ ಕೆಳಗೆ ಬಿದ್ದರೆ, ಇಂಥ ಒಪ್ಪಂದಗಳಿಗೆ ಮುಂದೆ ಯಾರೂ ಸಹಿ ಹಾಕುವುದಿಲ್ಲ. ಮರುಪಂದ್ಯ 2026ರ ಸೆಪ್ಟೆಂಬರ್ 12ರಂದು ಆಸ್ಟಿನ್‌ನಲ್ಲಿ ಇದೆ. ಅದು ಈಗಾಗಲೇ ಒಪ್ಪಂದದಲ್ಲಿದೆ. ನನಗೆ ಆತಂಕವಿರುವುದು ಅದರ ಆಚೆಗಿನ ವರ್ಷಗಳ ಬಗ್ಗೆ.

ಡಬ್ಲಿನ್ ಒಹಾಯೊ ತಾಯಿ:

ಆ ಕಾಳಜಿ ನನ್ನದೂ ಹೌದು. ಸೋತವರು ಟೆಕ್ಸಾಸ್ ಆಗಿರಲಿ ಒಹಾಯೊ ಆಗಿರಲಿ, ಸಮಿತಿ ಈ ಪಂದ್ಯವನ್ನು ಅವರ ವಿರುದ್ಧ ಎಣಿಸಬಾರದು.

ಶನಿವಾರ ಮನೆಯಲ್ಲಿ ಹಲವರು ಸೇರುತ್ತಿದ್ದೇವೆ, ಮಗನೂ ಅವನ ತಂಡದ ಸಾಲಿನ ಗೆಳೆಯರೂ ಇರುತ್ತಾರೆ. ಟೆಕ್ಸಾಸ್‌ನ ಮೊದಲ ಡ್ರೈವ್ ಮುಗಿದ ಕೂಡಲೇ ಟ್ಯಾಕಲ್‌ಗಳ ಬಗ್ಗೆ ಅವರು ಹೇಳುವುದನ್ನು ಇಲ್ಲಿ ಬರೆಯುತ್ತೇನೆ. ಮೌನ ಎಣಿಕೆಯನ್ನು ಗೂಸ್ಬಿ ನಿಭಾಯಿಸಿದನೆಂದರೆ, ಆಸ್ಟಿನ್ ವಾಸಿಯವರ ಹದಿನೇಳು ಅಂಕಗಳನ್ನು ನಾನು ನಂಬಲು ಆರಂಭಿಸುತ್ತೇನೆ. ಅಲ್ಲಿಯತನಕ ನನ್ನ ಊಹೆ ಒಹಾಯೊ 17, ಟೆಕ್ಸಾಸ್ 10.